ಸಾಲ ಸಲಹೆ ಸೇವೆ, ಮೂರು ಭೇಟಿ: ಮೂರೂವರೆ ಸ್ಟಾರ್

ದುಡ್ಡು ಕೊಟ್ಟು ಬೈಸಿಕೊಂಡು ಬಂದೆ ಅಂದರೆ ನೀವು ನಗಬಹುದು. ನನಗೆ ಅನ್ನಿಸಿದ್ದು ಅದೇ. ಹಾಗಂತ ಅಲ್ಲಿನ ಮೇಡಂ ಒಂದು ಸಲವೂ ದನಿ ಏರಿಸಲಿಲ್ಲ. ನನ್ನ ಕೈಗೆ ಪೆನ್ನು ಕೊಟ್ಟು ನನ್ನ ಲೆಕ್ಕವನ್ನು ನನ್ನಿಂದಲೇ ಬರೆಸಿದರು. ಬೈಗುಳ ಅದರಲ್ಲೇ ಇತ್ತು.

ಮನೆ ಸಾಲ ಇಟ್ಟುಕೊಂಡು ಒದ್ದಾಡುವವರಿಗೆ ಕೂತು ಸಲಹೆ ಕೊಡುವ ಸೇವೆ ಇದು. ಒಂದೊಂದು ಗಂಟೆಯ ಮೂರು ಭೇಟಿ. ಫೀಸು ನನ್ನ ಒಂದು ತಿಂಗಳ ಕಂತಿನ ಹತ್ತನೇ ಒಂದು ಭಾಗದಷ್ಟು. ಸಂಸ್ಥೆಯ ಹೆಸರು ಹಾಕುವುದಿಲ್ಲ, ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ.

ನಾನು ಹೋಗಿದ್ದು ಮನೆ ಬೆಲೆ ಬಿತ್ತು ಅನ್ನುವ ಸಂಕಟಕ್ಕೆ. ಮನೆ ಕೊಂಡು ಐದು ವರ್ಷ. ನಮ್ಮದೇ ಅಳತೆಯ ಪಕ್ಕದ ಮನೆ ಮಾರಾಟಕ್ಕಿತ್ತು. ಅದರ ಜಾಹೀರಾತನ್ನು ದಿನಾ ರಾತ್ರಿ ಮಲಗುವ ಮುಂಚೆ ಫೋನಿನಲ್ಲಿ ತೆಗೆದು ನೋಡುವುದು ನನಗೊಂದು ಚಟವಾಗಿತ್ತು. ಬೆಲೆ ಇಳಿಸಿದಾಗಲೆಲ್ಲ ನಿದ್ದೆ ಹೋಗುತ್ತಿತ್ತು. ನಿಜವಾದ ಅಂಕಿ ಹೇಳಲು ನಾಚಿಕೆ, ಹಾಗಾಗಿ ಮನೆಗೆ ಕೊಟ್ಟದ್ದು 100 ಅಂದುಕೊಳ್ಳಿ. ಸಾಲ 90. ಬಡ್ಡಿ ವರ್ಷಕ್ಕೆ ನೂರಕ್ಕೆ 8, ಫ್ಲೋಟಿಂಗ್, ಅಂದರೆ ಆಗಾಗ ಏರಿಳಿಯುವಂಥದ್ದು. ಅವಧಿ 20 ವರ್ಷ. ಈಗ ನಮ್ಮ ಮನೆಗೆ 75 ಸಿಕ್ಕರೆ ಪುಣ್ಯ. ಸಾಲ ಇನ್ನೂ 79 ಬಾಕಿ. ಅಂದರೆ ಮನೆ ಮಾರಿ ಎಲ್ಲ ಕೊಟ್ಟರೂ ಕೈಯಿಂದ 4 ಹಾಕಬೇಕು.

ಮೊದಲ ಭೇಟಿಯಲ್ಲಿ ಹತ್ತು ನಿಮಿಷ ನಾನೇ ಮಾತಾಡಿದೆ. ಮಾರ್ಕೆಟ್ ಹಾಳಾಯಿತು, ಬಿಲ್ಡರುಗಳು ಸುಳ್ಳು ಹೇಳಿದರು, ಎಲ್ಲರೂ ಕೊಳ್ಳುತ್ತಿದ್ದರು ಅಂತ ನಾನೂ ಕೊಂಡೆ. ಮೇಡಂ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಮನೆ ಮಾರಬೇಕಾ ಸರ್ ನೀವು?" ಇಲ್ಲ ಅಂದೆ. "ಹಾಗಾದರೆ ಪಕ್ಕದ ಮನೆ ಬೆಲೆ ಬಿಡಿ. ಬ್ಯಾಂಕಿಂದ ಬಂದ ಪತ್ರ ಕೊಡಿ."

ಆ ಪತ್ರಗಳನ್ನು ನಾನು ಒಡೆದೇ ಇರಲಿಲ್ಲ. ಮೂರು ಕವರು ಹಾಗೇ ಬ್ಯಾಗಿನಲ್ಲಿದ್ದವು. ಕಂತು ತಿಂಗಳು ತಿಂಗಳು ತಾನಾಗಿ ಕಟ್ ಆಗುತ್ತದೆ, ಮೊತ್ತವೂ ಬದಲಾಗಿಲ್ಲ, ಮತ್ತೇನು ನೋಡುವುದು ಅಂತ ಧೈರ್ಯ. ಮೇಡಂ ಎದುರಿಗೆ ಒಡೆದೆ. ಬಡ್ಡಿ ಎರಡು ಸಲ ಏರಿ 10ಕ್ಕೆ ನಿಂತಿತ್ತು. ಬ್ಯಾಂಕು ಕಂತು ಮುಟ್ಟದೆ ಅವಧಿ ಎಳೆದಿತ್ತು. ಇನ್ನು 180 ತಿಂಗಳು ಉಳಿದಿದೆ ಅಂತ ನಾನು ಅಂದುಕೊಂಡಿದ್ದೆ, ಪತ್ರದಲ್ಲಿದ್ದದ್ದು 248. ಅಂದರೆ 20 ವರ್ಷ 8 ತಿಂಗಳು. ಶುರು ಮಾಡಿದ ದಿನ ಇದ್ದದ್ದೇ 20 ವರ್ಷ! ಐದು ವರ್ಷ ಕಟ್ಟಿ, ಹೊರಟ ಜಾಗಕ್ಕಿಂತ ಎಂಟು ತಿಂಗಳು ಹಿಂದೆ ಬಂದು ನಿಂತಿದ್ದೆ.

ಇನ್ನೊಂದು ಲೆಕ್ಕ ಬರೆಸಿದರು. ಐದು ವರ್ಷದಲ್ಲಿ ನಾನು ಕಟ್ಟಿದ್ದು ಒಟ್ಟು 45. ಅಸಲು ಇಳಿದದ್ದು ಬರೀ 11. ಮೋಸ ಅಲ್ವಾ ಅಂದೆ. ಅಲ್ಲವಂತೆ. 20 ವರ್ಷದ ಸಾಲದಲ್ಲಿ 8ರ ಬಡ್ಡಿ ಇದ್ದರೆ, ಮೊದಲ ತಿಂಗಳ ಕಂತಿನಲ್ಲಿ ನೂರಕ್ಕೆ 80ರಷ್ಟು ಬಡ್ಡಿಗೇ ಹೋಗುತ್ತದೆ. ಸಾಲ ಹಳೆಯದಾದ ಹಾಗೆ ಅಸಲಿನ ಪಾಲು ನಿಧಾನವಾಗಿ ಏರುತ್ತದೆ. ಶುರುವಿನಲ್ಲಿ ಬ್ಯಾಂಕು ಕೊಟ್ಟ ಪಟ್ಟಿಯಲ್ಲಿ ಇದು ಸಾಲು ಸಾಲಾಗಿ ಇತ್ತು. ನಾನು ಅದರ ಪ್ರತಿ ಪುಟಕ್ಕೂ ಸಹಿ ಹಾಕಿದ್ದೇನೆ. ಚೆನ್ನಾದ ಸಹಿ ಬೇರೆ.

ಮೇಡಂ ಸುಮ್ನೆ ಹೇಳಿದ ಒಂದು ಮಾತು ತಲೆಯಲ್ಲಿ ಕೂತಿದೆ. ಸಾಲ ತೆಗೆದ ಮೊದಲ ತಿಂಗಳೇ ಬಡ್ಡಿ 8ರಿಂದ 10ಕ್ಕೆ ಏರಿ, ಕಂತು ಅಷ್ಟೇ ಇಟ್ಟಿದ್ದರೆ ತೀರಲು 56 ವರ್ಷ ಬೇಕಾಗುತ್ತಿತ್ತಂತೆ. ನಂಬಲಿಲ್ಲ. ಮನೆಗೆ ಬಂದು ಕ್ಯಾಲ್ಕ್ಯುಲೇಟರ್ ಹಿಡಿದು ಎರಡು ಸಲ ಮಾಡಿದೆ. 56 ವರ್ಷವೇ.

ಎರಡನೇ ಭೇಟಿಗೆ ಹೆಂಡತಿಯನ್ನೂ ಕರೆದುಕೊಂಡು ಬರಲೇಬೇಕು ಅಂದರು. ಇಲ್ಲಿ ನನಗೆ ತೊಂದರೆ ಇತ್ತು. ನಮ್ಮ ಕೈಯಿಂದ ಹಾಕಿದ 10ರಲ್ಲಿ 6 ನಮ್ಮ ದುಡ್ಡೇ ಅಲ್ಲ, ನಾನು ತೆಗೆದ ಪರ್ಸನಲ್ ಲೋನು. ಅವಳಿಗೆ ಹೇಳಿರಲಿಲ್ಲ. ಆಫೀಸಿನಿಂದ ಬೋನಸ್ ಬಂತು ಅಂದಿದ್ದೆ. ಐದು ವರ್ಷದ ಸುಳ್ಳನ್ನು ಅಪರಿಚಿತರ ಮೇಜಿನ ಮುಂದೆ ಕೂತು ಬಿಚ್ಚಬೇಕಾಯಿತು. ಅವಳು ಜಗಳ ಆಡುತ್ತಾಳೆ ಅಂತ ಕಾದೆ. ಕಾಗದ ತನ್ನ ಕಡೆ ಎಳೆದುಕೊಂಡು, "ಇದಕ್ಕೆ ಬಡ್ಡಿ ಎಷ್ಟು ರೀ?" ಅಂದಳು. ನೂರಕ್ಕೆ 14. ಅದನ್ನು ಬರೆದು ಅಡಿಗೆ ಎರಡು ಗೆರೆ ಎಳೆದಳು. ಜಗಳ ಮನೆಗೆ ಬಂದ ಮೇಲೆ ಆಯಿತು, ಅದು ಈ ವಿಮರ್ಶೆಗೆ ಬೇಡ.

ಈ ಭೇಟಿಯೇ ಕೊಟ್ಟ ದುಡ್ಡಿಗೆ ಸಮ. ನಮ್ಮ ಹತ್ತಿರ ಎರಡು ತಿಂಗಳ ಖರ್ಚಿನಷ್ಟು ಉಳಿತಾಯ ಇತ್ತು. ಅದನ್ನು ಪೂರ್ತಿ ಮನೆ ಸಾಲಕ್ಕೆ ಹಾಕಿ, ಆ 4ರ ಗುಂಡಿ ಆದಷ್ಟು ಮುಚ್ಚಬೇಕು ಅನ್ನುವುದು ನನ್ನ ಯೋಜನೆ. ಮೇಡಂ ಬೇಡವೇ ಬೇಡ ಅಂದರು. ಅಸಲಿಗೆ ಹಾಕಿದ ದುಡ್ಡು ಒಳಗೆ ಹೋದ ಹಾಗೇ. ನಾಳೆ ಕೆಲಸ ಹೋದರೆ ಬ್ಯಾಂಕು ಅದನ್ನು ವಾಪಸ್ ಕೊಡುವುದಿಲ್ಲ. ಹೋದ ತಿಂಗಳು ಜಾಸ್ತಿ ಕಟ್ಟಿದ್ದೀರಲ್ಲ ಅಂತ ಈ ತಿಂಗಳ ಕಂತೂ ಸಾಮಾನ್ಯವಾಗಿ ಬಿಡುವುದಿಲ್ಲ. ಬೆಲೆ ಬಿದ್ದ ಕಾಲದಲ್ಲಿ ಮನೆ ಮೇಲೆ ಇನ್ನೊಂದು ಸಾಲ ಹುಟ್ಟುವುದೂ ಕಷ್ಟ. ಹಾಗಾಗಿ ಮೊದಲು ಉಳಿತಾಯವನ್ನು ಆರು ತಿಂಗಳ ಖರ್ಚಿನಷ್ಟು ಬೆಳೆಸಿ ಅಂದರು. ಅದಾದ ಮೇಲೆ 14ರ ಸಾಲ. ಆಮೇಲೆ ಮನೆ ಸಾಲ. ನನ್ನ ತಲೆಯಲ್ಲಿ ಇದು ಪೂರ್ತಿ ತಲೆಕೆಳಗಾಗಿತ್ತು. ಕಣ್ಣಿಗೆ ಚುಚ್ಚುವ ಸಾಲ ಮೊದಲು ತೀರಲಿ ಅಂತ ನನಗೆ, ಕೈ ಸುಡುವುದು ಮೊದಲು ಅಂತ ಅವರಿಗೆ.

ಕೀ ಬ್ಯಾಂಕಿಗೆ ಎಸೆದು ಬಾಡಿಗೆ ಮನೆಗೆ ಹೋದರೆ ಹೇಗೆ ಅಂತಲೂ ಕೇಳಿದೆ. ನಾಚಿಕೆಯಿಂದಲೇ ಕೇಳಿದೆ, ಆದರೆ ಎಷ್ಟೋ ರಾತ್ರಿ ಯೋಚಿಸಿದ್ದೆ. ಅಮೆರಿಕದ ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ, ವಾಸಕ್ಕೆ ಅಂತ ಮನೆ ಕೊಳ್ಳಲು ತೆಗೆದ ಸಾಲವಾದರೆ ಬ್ಯಾಂಕು ಮನೆ ತೆಗೆದುಕೊಂಡು ಸುಮ್ಮನಾಗಬೇಕು. ಸ್ಪೇನಿನಂಥ ದೇಶದಲ್ಲಿ ಸಾಮಾನ್ಯವಾಗಿ ಮನೆಯೂ ಹೋಗುತ್ತದೆ, ಮಾರಿ ಉಳಿದ ಬಾಕಿಯೂ ಬೆನ್ನಿಗೆ ಬರುತ್ತದೆ. 2008ರ ನಂತರ ಅಲ್ಲಿ ಎಷ್ಟೋ ಜನರಿಗೆ ಹೀಗೇ ಆಯಿತು. ಒಪ್ಪಂದದಲ್ಲಿ ನಿಮ್ಮದು ಯಾವುದು ಅಂತ ನೋಡಿ ಅಂದರು. ನೋಡಿದೆವು. ಬೆನ್ನಿಗೆ ಬರುವ ಜಾತಿಯದ್ದೇ.

ಆಗ ಮೇಡಂ ಒಂದು ಅಧ್ಯಯನದ ಪ್ರಿಂಟ್ ತೆಗೆದು ತೋರಿಸಿದರು. ಅಮೆರಿಕದ ಕೇಂದ್ರ ಬ್ಯಾಂಕ್ ವ್ಯವಸ್ಥೆಗೆ ಸೇರಿದ ಬಾಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕಿನ ಸಂಶೋಧಕರು 2008ರಲ್ಲಿ ಮಾಡಿದ್ದು. ಅಲ್ಲಿನ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹಿಂದೊಮ್ಮೆ ಬೆಲೆ ಬಿದ್ದಾಗ, 1991ರಲ್ಲಿ, ಒಂದು ಲಕ್ಷಕ್ಕೂ ಜಾಸ್ತಿ ಜನರ ಸಾಲ ಮನೆ ಬೆಲೆಯನ್ನು ಮೀರಿತ್ತು. ಅವರಲ್ಲಿ ಮನೆ ಜಪ್ತಿಯಾದದ್ದು ನೂರಕ್ಕೆ ಹತ್ತಕ್ಕಿಂತ ಕಡಿಮೆ ಜನರದ್ದು. ಬೆಲೆ ಬಿದ್ದದ್ದರ ಜೊತೆಗೆ ಸಂಬಳ ನಿಲ್ಲುವುದೋ, ಕಾಯಿಲೆಯೋ, ವಿಚ್ಛೇದನವೋ ಸೇರಿಕೊಂಡವರೇ ಸಾಮಾನ್ಯವಾಗಿ ಮುಳುಗುವುದಂತೆ. ಆರು ತಿಂಗಳ ಖರ್ಚು ಮೊದಲು ಅಂತ ಯಾಕೆ ಹಟ ಹಿಡಿದಿದ್ದರು ಅಂತ ಆಗ ಅರ್ಥವಾಯಿತು.

ಮೂರನೇ ಭೇಟಿ ಸಪ್ಪೆ. ಬ್ಯಾಂಕಿಗೆ ಪತ್ರ ಬರೆಯುವುದು ಹೇಗೆ, ಕಂತು ತಪ್ಪುವ ಮುಂಚೆಯೇ ಹೋಗಿ ಮಾತಾಡಿದರೆ ಏನೇನು ಕೇಳಬಹುದು, ಅಷ್ಟೇ. ಕಂತು ಜಾಸ್ತಿ ಮಾಡಿ ಅಂತ ನಾವೇ ಕೇಳಬಹುದು ಅನ್ನುವುದು ಮಾತ್ರ ನನಗೆ ಹೊಸದು. ಹಳೆಯ 180 ತಿಂಗಳಿಗೆ ವಾಪಸ್ ಹೋಗಲು ಕಂತು ನೂರಕ್ಕೆ ಹನ್ನೆರಡೂವರೆ ಏರಿಸಬೇಕು, ಅದು ನಮ್ಮ ಕೈಯಲ್ಲಿ ಆಗದು. ನೂರಕ್ಕೆ 6 ಏರಿಸಿದರೂ 248 ತಿಂಗಳು 208ಕ್ಕೆ ಇಳಿಯುತ್ತದೆ. 14ರ ಸಾಲ ತೀರಿದ ತಿಂಗಳಿಂದ ಅದನ್ನೇ ಮಾಡುವುದು ಅಂತ ಹೆಂಡತಿ ಬರೆದಿಟ್ಟಿದ್ದಾಳೆ. ಈಗ ಪತ್ರ ಬಂದರೆ ಒಡೆಯುವುದು ಅವಳೇ.

ಇನ್ನು ದೂರು. ಭೇಟಿಗೆ ದಿನ ಸಿಗಲು ಐದು ವಾರ ಕಾಯಬೇಕು. ಕಂತು ತಪ್ಪಿ ನೋಟಿಸ್ ಬಂದವರಿಗೂ ಅಷ್ಟೇ ಕಾಯಿಸುತ್ತಾರೆ, ಅದು ತಪ್ಪು. ಒಂದೇ ಸ್ಟೇಟ್‌ಮೆಂಟನ್ನು ಮೂರು ಸಲ ಜೆರಾಕ್ಸ್ ಕೇಳಿದರು. ಮನೆ ಕೊಳ್ಳುವ ಮುಂಚೆ ಬಂದವರಿಗೆ ಇವರಲ್ಲಿ ಭೇಟಿಯೇ ಇಲ್ಲ, ಸಾಲ ತಲೆ ಮೇಲೆ ಬಂದವರಿಗೆ ಮಾತ್ರ. ನಾನು ಐದು ವರ್ಷದ ಹಿಂದೆ ಹೋಗಿದ್ದರೆ ಬಾಗಿಲಲ್ಲೇ ವಾಪಸ್ ಕಳಿಸುತ್ತಿದ್ದರು. ಹೋಗುತ್ತಿದ್ದೆನಾ ಅನ್ನುವುದು ಬೇರೆ ಪ್ರಶ್ನೆ. ಇಲ್ಲ.

ಕೊನೆಯದಾಗಿ, ಮೂರನೇ ಭೇಟಿ ಮುಗಿದ ಮರುದಿನದಿಂದ ಇವರ ಇನ್ನೊಂದು ವಿಭಾಗದವರು ಇನ್ಶೂರೆನ್ಸ್ ಪಾಲಿಸಿ ತೆಗೆದುಕೊಳ್ಳಿ ಅಂತ ಫೋನ್ ಮಾಡುತ್ತಿದ್ದಾರೆ. ನಮ್ಮ ಸಾಲ ಎಷ್ಟು, ಬಾಕಿ ಎಷ್ಟು ಅಂತ ಅವರಿಗೆ ಬಾಯಿಪಾಠ. ಮೇಡಂಗೆ ಇದು ಗೊತ್ತಿರಲಿಲ್ಲ, ಬೇಸರ ಮಾಡಿಕೊಂಡರು. ಫೋನ್ ಮಾತ್ರ ನಿಂತಿಲ್ಲ. ಹೆಸರು ಹಾಕದ್ದು ಇದಕ್ಕೇ. ಮೇಡಂ ಇರುವ ತನಕ ಆರು ತಿಂಗಳಿಗೊಮ್ಮೆ ಲೆಕ್ಕ ತೋರಿಸಲು ಅಲ್ಲಿಗೇ ಹೋಗುವವನು ನಾನು.

ಮೇಡಂಗೆ ಐದು ಸ್ಟಾರ್. ಕಾಯಿಸಿದ್ದಕ್ಕೆ ಒಂದು ಕಳೆದೆ, ಫೋನಿಗೆ ಅರ್ಧ. ಇದನ್ನು ಟೈಪ್ ಮಾಡುವಷ್ಟರಲ್ಲಿ ಎರಡು ಸಲ ಬಂತು.