ಸನ್‌ರೂಫ್ ಸೋರಿದರೆ ಸಿಲಿಕೋನ್ ಹೊಡೆಸಬೇಡಿ

ಹಳೇ ಕಾರಿನ ಸನ್‌ರೂಫ್, ಅಂದರೆ ಚಾವಣಿಯಲ್ಲಿ ತೆರೆಯುವ ಗಾಜು, ಸೋರುತ್ತಿದೆ ಅಂತ ಗ್ಯಾರೇಜಿಗೆ ಹೋದಾಗ, ಒಂದು ಲೋಟ ನೀರು ಸುರಿದೂ ನೋಡದೆ ಮೆಕ್ಯಾನಿಕ್ ಸಿಲಿಕೋನ್ ಗನ್ ಎತ್ತಿಕೊಂಡರೆ ಕೀ ವಾಪಸ್ ತೆಗೆದುಕೊಂಡು ಬಂದುಬಿಡಿ. ನಮ್ಮ ಗಾಡಿಗೆ ಆದದ್ದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಆದರೂ ಓದಿ.

ನಮ್ಮದು 2014ರ ಮಾಡೆಲ್ ಸೆಡಾನ್, ಸೆಕೆಂಡ್ ಹ್ಯಾಂಡ್. ಮನೆ ಬೆಂಗಳೂರಿನ ಜಯನಗರದಲ್ಲಿ. ಕಾರು ನಿಲ್ಲುವುದು ರಸ್ತೆ ಬದಿ, ಹೊಂಗೆ ಮರದ ಕೆಳಗೆ. ನೆರಳಿದೆ ಅಂತ ಆ ಜಾಗಕ್ಕೆ ನಮ್ಮ ಬೀದಿಯಲ್ಲಿ ದಿನಾ ಪೈಪೋಟಿ. ಯುಗಾದಿ ಕಳೆದ ಮೇಲೆ ಹೂ ಉದುರಿ ಉದುರಿ ಟಾಪ್ ಮೇಲೆಲ್ಲ ಹಾಸಿರುತ್ತದೆ. ಗುಡಿಸಿ ಹಾಕಿದರೆ ಆಯ್ತು ಅಂದುಕೊಳ್ಳುತ್ತೇವೆ, ಅಲ್ವಾ? ಸನ್‌ರೂಫ್ ಗಾಜಿನ ಅಂಚಿಗೆ ಇಳಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

2024ರ ಜೂನ್ 2ರ ಭಾನುವಾರದ ಮಳೆ ನೆನಪಿರಬೇಕು. ಒಂದೇ ದಿನ 111 ಮಿಲಿಮೀಟರ್ ಸುರಿದು, ಜೂನ್ ತಿಂಗಳ ಮಟ್ಟಿಗೆ 1891ರ ದಾಖಲೆಯನ್ನೂ ಮುರಿಯಿತು. ಮಾರನೇ ದಿನ ಸೌತ್ ಎಂಡ್ ಸರ್ಕಲ್ ಹತ್ತಿರ ಸಿಗ್ನಲ್ ಬಿತ್ತು ಅಂತ ಬ್ರೇಕ್ ಒತ್ತಿದೆ. ಮೇಲಿನ ಮ್ಯಾಪ್ ಲೈಟಿನ ಸಂದಿಯಿಂದ ತಣ್ಣನೆ ನೀರು ದಡದಡ ಅಂತ ಗೇರ್ ಮೇಲೆ, ನನ್ನ ಮೊಣಕೈ ಮೇಲೆ ಸುರಿಯಿತು. ಆಗ ಮಳೆಯೇ ಇರಲಿಲ್ಲ. ಮೇಲೆಲ್ಲೋ ನಿಂತಿದ್ದ ನೀರು ಬ್ರೇಕ್ ಹಾಕಿದ ರಭಸಕ್ಕೆ ಮುಂದಕ್ಕೆ ನುಗ್ಗಿತ್ತು.

ಪರಿಚಯದವರು ಹೇಳಿದ ಗ್ಯಾರೇಜಿಗೆ ಹೋದೆವು. ಹೆಸರು ಬೇಡ ಬಿಡಿ. ಅಲ್ಲಿನವನು ಗಾಜಿನ ಸುತ್ತಲಿನ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್ ಮೇಲೆ ಬೆರಳಾಡಿಸಿ, "ಬೀಡಿಂಗ್ ಹೋಗಿದೆ ಮೇಡಂ" ಅಂದ. ಕಾರಣ ಸರಿಯಾಗಿ ನೋಡಿ ಫೋನ್ ಮಾಡಿ ಅಂತ ಹೇಳಿ ಗಾಡಿ ಬಿಟ್ಟು ಬಂದೆವು. ಫೋನ್ ಬಂದದ್ದು ಕೆಲಸವೆಲ್ಲ ಮುಗಿದ ಮೇಲೆ. ಹೋಗಿ ನೋಡಿದರೆ ಗಾಜಿನ ಸುತ್ತ ಬೆರಳು ದಪ್ಪದ ಕಪ್ಪು ಸಿಲಿಕೋನ್. ಹತ್ತಿರ ಹೋದರೆ ಮೂಗಿಗೆ ವಿನೆಗರ್ ವಾಸನೆ. ಆ ವಾಸನೆಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಅದು ಬಚ್ಚಲಮನೆ ಟೈಲ್ಸಿಗೆ ಸರಿ. ಪೇಂಟ್ ಎದ್ದ ತಗಡಿಗೆ ತಾಗಿದರೆ ತುಕ್ಕು ಗ್ಯಾರಂಟಿ.

"ಇನ್ನು ಸನ್‌ರೂಫ್ ತೆಗೆಯೋಕೆ ಆಗುತ್ತಾ?" ಅಂತ ಕೇಳಿದೆ.

"ಈ ಊರಿನ ಧೂಳಲ್ಲಿ ಯಾರು ತೆಗೀತಾರೆ ಮೇಡಂ? ಸುಮ್ನೆ ಇರಲಿ ಬಿಡಿ. ಏರ್ ಬೇರೆ ಹೊಡೆದಿದ್ದೀನಿ, ಕ್ಲೀನಾಗಿದೆ."

ಆ 'ಏರ್ ಹೊಡೆದಿದ್ದೀನಿ' ಅನ್ನುವುದೇ ಜಾಸ್ತಿ ಹಾಳು ಮಾಡಿದ್ದು ಅಂತ ಆಮೇಲೆ ಗೊತ್ತಾಯಿತು.

ಸನ್‌ರೂಫಿನ ರಬ್ಬರ್ ನೀರನ್ನು ಪೂರ್ತಿ ತಡೆಯುವುದಿಲ್ಲ. ಅದನ್ನು ಮಾಡಿರುವುದೂ ಅದಕ್ಕಲ್ಲ. ಹೊಸ ಕಾರಿನಲ್ಲೂ ಸ್ವಲ್ಪ ನೀರು ಒಳಗೆ ಇಳಿದೇ ಇಳಿಯುತ್ತದೆ. ಇಳಿದ ನೀರು ಗಾಜಿನ ಸುತ್ತ ಇರುವ ಒಂದು ತಟ್ಟೆಯಲ್ಲಿ ನಿಲ್ಲುತ್ತದೆ. ಸಾಮಾನ್ಯವಾಗಿ ಅದರ ನಾಲ್ಕು ಮೂಲೆಗಳಲ್ಲಿ ತೂತು, ತೂತಿಗೊಂದು ಸಣ್ಣ ಪೈಪ್. ಮುಂದಿನ ಎರಡು ವಿಂಡ್‌ಶೀಲ್ಡ್ ಪಕ್ಕದ ಕಂಬದೊಳಗಿಂದ ಇಳಿದು ಬಾಗಿಲ ಕೀಲಿನ ಹತ್ತಿರವೋ ಮುಂದಿನ ಚಕ್ರದ ಹತ್ತಿರವೋ ಹೊರಗೆ ಬಿಡುತ್ತವೆ. ಹಿಂದಿನವು ಬಂಪರ್ ಕಡೆ ಹೋಗುತ್ತವೆ. ತಾರಸಿಯ ಮಳೆನೀರಿನ ಪೈಪಿಗೆ ಎಲೆ ಸಿಕ್ಕಿಕೊಂಡರೆ ಏನಾಗುತ್ತದೋ ಇಲ್ಲೂ ಅದೇ. ತಟ್ಟೆ ತುಂಬಿ ಒಳಕ್ಕೆ ಚೆಲ್ಲುತ್ತದೆ. ರಬ್ಬರ್ ಮೇಲೆ ಎಷ್ಟು ಸಿಲಿಕೋನ್ ಮೆತ್ತಿದರೂ ಧೂಳಿನ ಮೇಲೆ ಅದು ಕಚ್ಚುವುದಿಲ್ಲ. ರಸ್ತೆಗುಂಡಿಗೆ ಬಾಡಿ ಅಲುಗಾಡಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ನೀರು ಇಳಿಯುತ್ತದೆ. ಈಗ ಗಾಜು ತೆಗೆದು ಪೈಪ್ ಕ್ಲೀನ್ ಮಾಡುವ ದಾರಿಯೂ ಬಂದ್.

ಮುಂದಿನ ಮಳೆಗೆ ಮೇಲಿನಿಂದ ಒಂದು ಹನಿಯೂ ಬೀಳಲಿಲ್ಲ. ಸರಿಯಾಯಿತು ಅಂದುಕೊಂಡೆವು. ಆದರೆ ಬೆಳಗ್ಗೆ ಎದ್ದು ನೋಡಿದರೆ ಗಾಜುಗಳಿಗೆ ಒಳಗಿನಿಂದ ಮಂಜು. ಬಾಗಿಲು ತೆಗೆದರೆ ಒದ್ದೆ ಗೋಣಿಚೀಲದ ವಾಸನೆ. ಗ್ಯಾರೇಜಿನವನನ್ನು ಕೇಳಿದರೆ "ಅದು ಎಸಿ ನೀರು" ಅಂದ. ಎಸಿ ಡ್ರೈನ್ ಕಟ್ಟಿಕೊಂಡರೂ ಕಾಲ ಹತ್ತಿರ ನೀರು ಬರುವುದು ನಿಜ. ಆದರೆ ಎಸಿ ಹಾಕದೆ ನಿಲ್ಲಿಸಿದ ಗಾಡಿಯಲ್ಲಿ, ಮಳೆ ಬಂದ ಮಾರನೇ ದಿನವೇ ಒದ್ದೆಯಾದರೆ ಅದು ಎಸಿ ನೀರಲ್ಲ. ಕಾರ್ಪೆಟ್ ಮೇಲೆ ಕೈ ಇಟ್ಟರೆ ಒಣಗಿದ ಹಾಗೇ ಇತ್ತು. ಬಾಗಿಲ ಹತ್ತಿರದ ಪ್ಲಾಸ್ಟಿಕ್ ಪಟ್ಟಿ ಎತ್ತಿ ಕೆಳಗಿನ ಫೋಮ್ ಒತ್ತಿದೆ. ಬೆರಳ ಸಂದಿಯಿಂದ ಕಂದು ನೀರು ಉಕ್ಕಿತು. ಅಷ್ಟರಲ್ಲಿ ಸೆಂಟ್ರಲ್ ಲಾಕ್ ತನ್ನಷ್ಟಕ್ಕೆ ತಾನೇ ಹಾಕಿಕೊಳ್ಳಲು ಶುರು ಮಾಡಿತ್ತು. ಕಾಲಿನ ಪಕ್ಕದಲ್ಲಿದ್ದ ವೈರಿಂಗ್ ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು.

ಕೊನೆಗೆ ಕೆಲಸ ಗೊತ್ತಿದ್ದವರು ಸಿಕ್ಕಿದ್ದು ವಿಲ್ಸನ್ ಗಾರ್ಡನ್ ಕಡೆಯ ಒಂದು ಸಣ್ಣ ಶೆಡ್ಡಿನಲ್ಲಿ. ಆ ಹಿರಿಯ ಮೆಕ್ಯಾನಿಕ್ ಮೊದಲು ಬ್ಯಾಟರಿ ಟರ್ಮಿನಲ್ ಬಿಚ್ಚಿ ಸುಮ್ಮನೆ ಕೂತರು. ಯಾಕೆ ಅಂದರೆ, ಅಪಘಾತವಾದಾಗ ಪಕ್ಕದ ಕಿಟಕಿಗೆ ಪರದೆಯ ಹಾಗೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಅದು ಚಾವಣಿ ಬಟ್ಟೆಯ ಅಂಚಿನಲ್ಲೇ ಇರುತ್ತದೆ, ಕರೆಂಟ್ ಪೂರ್ತಿ ಇಳಿಯದೆ ಅಲ್ಲಿ ಕೈ ಹಾಕಬಾರದು ಅಂದರು. ಮೊದಲಿನವನಿಗೆ ಇದರ ಗೊಡವೆಯೇ ಇರಲಿಲ್ಲ. ಆಮೇಲೆ ಕಂಬದ ಪ್ಲಾಸ್ಟಿಕ್ ಬಿಚ್ಚಿದರು. ಡ್ರೈನ್ ಪೈಪ್ ಮೇಲಿನ ಮೂತಿಯಿಂದ ಕಳಚಿ ನೇತಾಡುತ್ತಿತ್ತು. ಕಟ್ಟಿಕೊಂಡ ಪೈಪಿಗೆ ಕಂಪ್ರೆಸರ್ ಗಾಳಿ ಜೋರಾಗಿ ಹೊಡೆದರೆ ಕಸ ಹೊರಗೆ ಹೋಗುವ ಬದಲು ಪೈಪೇ ಕಳಚಬಹುದು. ತಟ್ಟೆಯ ನೀರೆಲ್ಲ ಕಂಬದೊಳಗಿಂದ ನೇರ ಕಾರ್ಪೆಟ್ ಕೆಳಗೆ ಹೋಗಿತ್ತು. ಮೇಲಿನಿಂದ ಹನಿ ನಿಂತದ್ದು ಯಾಕೆ ಅಂತ ಆಗ ಅರ್ಥವಾಯಿತು.

ಸಿಲಿಕೋನ್ ಕೀಳುವುದಕ್ಕೇ ಒಂದು ಮಧ್ಯಾಹ್ನ ಹೋಯಿತು. ಪ್ಲಾಸ್ಟಿಕ್ ಬ್ಲೇಡಿನಲ್ಲಿ ನಿಧಾನವಾಗಿ ಕೆರೆದರೂ ಅಲ್ಲಲ್ಲಿ ಪೇಂಟ್ ಎದ್ದು ಬಂತು. ಪೈಪಿನೊಳಗೆ ಹಾಯಿಸಿದ್ದು ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರ. ಬೈಂಡಿಂಗ್ ವೈರ್ ಹಾಕಬೇಡಿ, ಪೈಪ್ ತೂತಾಗುತ್ತದೆ. ಕೆಳಗಿನ ಬಾಯಿಂದ ಬಂದದ್ದು ಹೊಂಗೆ ಹೂವೂ ಧೂಳೂ ಸೇರಿ ಕೊಳೆತ ಕಪ್ಪು ರಾಡಿ, ಒಂದು ಹಿಡಿಯಷ್ಟು. ಕೆಲವು ಗಾಡಿಗಳಲ್ಲಿ ಪೈಪಿನ ತುದಿಗೆ ಚಪ್ಪಟೆ ಬಾಯಿಯ ರಬ್ಬರ್ ಮುಚ್ಚಳ ಇರುತ್ತದೆ, ಕೆಸರು ಮೆತ್ತಿಕೊಳ್ಳುವುದು ಅಲ್ಲೇ ಜಾಸ್ತಿ. ಪೈಪ್ ಕೂರಿಸಿ ಕ್ಲಿಪ್ ಹಾಕಿದ ಮೇಲೆ ಬಾಟಲಿಯಿಂದ ಮೂಲೆಗೆ ನೀರು ಬಿಟ್ಟರು. ಮುಂದಿನ ಚಕ್ರದ ಹಿಂದೆ ಸಲೀಸಾಗಿ ಇಳಿಯಿತು. ನಿಜವಾದ ರಿಪೇರಿ ಇಷ್ಟೇ. ಬೀಡಿಂಗ್ ಹಾಗೇ ಇದೆ, ಬದಲಿಸಿಲ್ಲ.

ಆದರೆ ಸೀಟು ಬಿಚ್ಚಿ, ಕಾರ್ಪೆಟ್ ಎತ್ತಿ ಒಣಗಿಸಿ, ಕನೆಕ್ಟರ್ ಬದಲಿಸಿದ್ದಕ್ಕೆ ಸಿಲಿಕೋನ್ ಬಿಲ್ಲಿನ ಎಷ್ಟೋ ಪಟ್ಟು ಖರ್ಚಾಯಿತು. ಇನ್ಶೂರೆನ್ಸ್ ನಂಬಿ ಕೂರಬೇಡಿ, ಸವೆತದಿಂದ ಆದ ಹಾನಿ ಮಾಮೂಲಿ ಪಾಲಿಸಿಯಲ್ಲಿ ಬರುವುದಿಲ್ಲ. ಗ್ಯಾರೇಜಿನವನನ್ನು ದುಡ್ಡು ವಾಪಸ್ ಕೇಳಿದ್ದಕ್ಕೆ ಸಿಕ್ಕ ಉತ್ತರ: "ತಗೊಂಡು ಬನ್ನಿ ಮೇಡಂ, ಇನ್ನೊಂದು ಕೋಟ್ ಫ್ರೀಯಾಗಿ ಹೊಡೆದುಕೊಡ್ತೀನಿ."

ನಿಮ್ಮ ಗಾಡಿಯನ್ನು ನೀವೇ ನೋಡಬಹುದು. ಸಮತಟ್ಟಾದ ಕಡೆ ನಿಲ್ಲಿಸಿ, ಸನ್‌ರೂಫ್ ಪೂರ್ತಿ ತೆಗೆದು, ಮುಂದಿನ ಮೂಲೆಯ ತೂತಿಗೆ ಅರ್ಧ ಲೋಟ ನೀರು ನಿಧಾನಕ್ಕೆ ಬಿಡಿ. ಕೆಳಗೆ ನೀರು ಕಾಣಬೇಕು. ತಟ್ಟೆಯಲ್ಲೇ ನಿಂತರೆ ಪೈಪ್ ಕಟ್ಟಿದೆ. ತಟ್ಟೆಯಿಂದ ಹೋಗಿಯೂ ಕೆಳಗೆ ಬರದಿದ್ದರೆ ತಕ್ಷಣ ನಿಲ್ಲಿಸಿ, ಅದು ಒಳಗೆಲ್ಲೋ ಇಳಿಯುತ್ತಿದೆ. ಮರದ ಕೆಳಗೆ ನಿಲ್ಲುವ ಗಾಡಿಗೆ ಏಪ್ರಿಲ್ ಮುಗಿಯುವ ಹೊತ್ತಿಗೆ ಇದನ್ನು ಮಾಡಿ, ಮೊದಲ ಮಳೆಗೆ ಮುಂಚೆ. ವಾಟರ್ ವಾಶ್‌ನಲ್ಲಿ ಪ್ರೆಶರ್ ಪೈಪನ್ನು ಸನ್‌ರೂಫ್ ಅಂಚಿಗೆ ಹಿಡಿಯಲು ಬಿಡಬೇಡಿ.

ಸನ್‌ರೂಫ್ ಇರುವ ಹಳೇ ಕಾರು ಕೊಳ್ಳಲು ಹೊರಟವರು ಇನ್ನೂ ಸ್ವಲ್ಪ ನೋಡಬೇಕು. ಗಾಜಿನ ಸುತ್ತ ಸಿಲಿಕೋನ್ ಗೆರೆ ಇದೆಯಾ, ಸನ್ ವೈಸರ್ ಹಿಂದೆ ಬಟ್ಟೆಗೆ ಕಂದು ಕಲೆ ಇದೆಯಾ, ಸೀಟಿನ ಕೆಳಗಿನ ಬೋಲ್ಟಿಗೆ ತುಕ್ಕು ಹಿಡಿದಿದೆಯಾ ಅಂತ ನೋಡಿ. ಸನ್‌ರೂಫ್ ತೆಗೆದು ತೋರಿಸಿ ಅನ್ನಿ. "ಬೇಡ ಸಾರ್, ಅದನ್ನು ನಾವು ಯೂಸೇ ಮಾಡಲ್ಲ" ಅಂದರೆ ಬೇರೆ ಗಾಡಿ ನೋಡಿ.