ಸಾಂಬಾ ಜೊತೆ ಮೂರು ವರ್ಷ: ಕೆಲಸ ಮಾಡುತ್ತದೆ, ಮುಖ ತೋರಿಸುವುದಿಲ್ಲ

ನಮ್ಮ ಆಫೀಸಿನಲ್ಲಿ 20 ಕಂಪ್ಯೂಟರ್. 19ರಲ್ಲಿ ವಿಂಡೋಸ್, ಒಂದರಲ್ಲಿ ಲಿನಕ್ಸ್. ಆ ಒಂದು ನನ್ನದು. ಲಿನಕ್ಸ್ ಮತ್ತು ವಿಂಡೋಸ್ ಕಂಪ್ಯೂಟರ್‌ಗಳು ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳಲು ನೆರವಾಗುವ ಪ್ರೋಗ್ರಾಂ ಸಾಂಬಾ. ಅದನ್ನು ಹೇಗೆ ಹಾಕಿಕೊಳ್ಳಬೇಕು ಅಂತೆಲ್ಲ ಬರೆಯುವುದಿಲ್ಲ, ಅದು ಎಲ್ಲ ಕಡೆ ಸಿಗುತ್ತದೆ. ನೇರ ದೂರಿಗೇ ಬರುತ್ತೇನೆ.

ಪಕ್ಕದ ಟೇಬಲ್ಲಿನವರು ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ‘ನೆಟ್‌ವರ್ಕ್’ ಒತ್ತಿದರೆ ಎಲ್ಲರ ಕಂಪ್ಯೂಟರ್ ಸಾಲಾಗಿ ಬರುತ್ತಿತ್ತು. ನನ್ನದು ಮಾತ್ರ ನಾಪತ್ತೆ. ಹಾಗಂತ ಏನೂ ಕೆಟ್ಟಿರಲಿಲ್ಲ. ಅಡ್ರೆಸ್ ಬಾರ್‌ನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ನನ್ನ ಐಪಿ (ನೆಟ್‌ವರ್ಕ್‌ನಲ್ಲಿ ನನ್ನ ಕಂಪ್ಯೂಟರಿನ ನಂಬರ್) ಬರೆದರೆ ಫೋಲ್ಡರ್ ಥಟ್ಟನೆ ತೆರೆಯುತ್ತಿತ್ತು. ಆದರೆ ಅಕೌಂಟ್ಸ್‌ನವರಿಗೆ ದಿನಾ ಬ್ಯಾಕ್‌ಸ್ಲ್ಯಾಶ್ ಎಲ್ಲಿದೆ ಅಂತ ತೋರಿಸುವುದು ಯಾರ ಕೈಲಾಗುತ್ತದೆ? “ಏನ್ರೀ, ನಿಮ್ಮ ಲಿನಕ್ಸ್ ಇವತ್ತೂ ರಜೆನಾ?” ಅನ್ನುವುದು ಆಫೀಸಿನ ಜೋಕೇ ಆಗಿಹೋಯಿತು. ಕೊನೆಗೆ ಐಪಿಯನ್ನು ಹಳದಿ ಚೀಟಿಯಲ್ಲಿ ಬರೆದು ಅವರ ಮಾನಿಟರಿಗೆ ಅಂಟಿಸಿದೆ. ರೂಟರ್ ಬೇರೆ ಐಪಿ ಕೊಟ್ಟ ದಿನ ಚೀಟಿಯೂ ದಂಡ.

ನಾನು ತಿಂಗಳುಗಟ್ಟಲೆ ತಪ್ಪು ಜಾಗದಲ್ಲಿ ಹುಡುಕುತ್ತಿದ್ದೆ. ವರ್ಕ್‌ಗ್ರೂಪ್, ಅಂದರೆ ಆಫೀಸಿನ ಕಂಪ್ಯೂಟರ್‌ಗಳ ಗುಂಪಿನ ಹೆಸರು ಸರಿ. ಫೈರ್‌ವಾಲ್‌ನಲ್ಲಿ ಫೈಲ್ ಹಂಚಿಕೆಯ 445ನೇ ಪೋರ್ಟ್ ಬಿಟ್ಟಿದ್ದೆ. ಸಾಂಬಾ ಸೆಟ್ಟಿಂಗ್ ಪರೀಕ್ಷಿಸುವ ಟೆಸ್ಟ್‌ಪಾರ್ಮ್ ಓಡಿಸಿದರೆ ಒಂದು ತಪ್ಪೂ ಇಲ್ಲ. ಹಳೆಯ ಸಲಹೆಗಳೆಲ್ಲ ಹೇಳುವುದು ಒಂದೇ: ಫೈಲ್ ಹಂಚಿಕೊಳ್ಳುವ ಹಳೇ ವಿಧಾನವಾದ ಎಸ್‌ಎಂಬಿ 1 ಆನ್ ಮಾಡಿ. ದಯವಿಟ್ಟು ಮಾಡಬೇಡಿ. 2017ರಲ್ಲಿ ವಾನ್ನಾಕ್ರೈ ಅನ್ನುವ ಸುಲಿಗೆ ವೈರಸ್ ನುಗ್ಗಿದ್ದು ಅದೇ ಬಾಗಿಲಿಂದ. ಅದೇ ವರ್ಷ ವಿಂಡೋಸ್ 10ರ 1709 ಆವೃತ್ತಿಯಿಂದ ಮೈಕ್ರೋಸಾಫ್ಟ್ ಕೂಡ ಅದನ್ನು ಕೈಬಿಡುತ್ತಾ ಬಂತು. ಜೊತೆಗೆ, ಕಂಪ್ಯೂಟರ್‌ಗಳ ಪಟ್ಟಿ ತಯಾರಾಗುತ್ತಿದ್ದ ಹಳೇ ದಾರಿಯೂ ಮುಚ್ಚಿತು.

ಈಗ ವಿಂಡೋಸ್ ಹಾಜರಿ ಕೂಗುವುದು ಡಬ್ಲ್ಯೂಎಸ್-ಡಿಸ್ಕವರಿ ಅನ್ನುವ ಬೇರೆ ವಿಧಾನದಲ್ಲಿ. ಸಾಂಬಾಕ್ಕೆ ಆ ಭಾಷೆಯೇ ಬರುವುದಿಲ್ಲ. ಕ್ಲಾಸಿನಲ್ಲೇ ಕೂತಿದೆ, ‘ಎಸ್ ಸರ್’ ಅನ್ನುತ್ತಿಲ್ಲ, ಅಷ್ಟೇ.

ಅದರ ಪರವಾಗಿ ಉತ್ತರ ಕೊಡಲು ಡಬ್ಲ್ಯೂಎಸ್‌ಡಿಡಿ ಅಂತ ಒಂದು ಪುಟ್ಟ ಪ್ರೋಗ್ರಾಂ ಇದೆ. ಹಾಕಿದೆ. ಫೈರ್‌ವಾಲ್‌ನಲ್ಲಿ ಅದಕ್ಕೆ ಬೇಕಾದ ಯುಡಿಪಿ 3702, ಟಿಸಿಪಿ 5357 ಪೋರ್ಟ್ ಬಿಟ್ಟೆ. ಪಕ್ಕದವರು ಎಫ್5 ಒತ್ತಿದರು. ಪಟ್ಟಿಯಲ್ಲಿ ನನ್ನ ಹೆಸರು! ಅವರಿಗೇನೂ ಅನಿಸಲಿಲ್ಲ, ನಾನು ಮಾತ್ರ ಎದ್ದುನಿಂತು ನೋಡಿದೆ. ಹತ್ತು ನಿಮಿಷದ ಕೆಲಸಕ್ಕೆ ಎಷ್ಟು ತಿಂಗಳು ಹಾಳು ಮಾಡಿಕೊಂಡಿದ್ದೆ ಅಲ್ವಾ.

ಅಲ್ಲಿಂದ ಸಾಂಬಾ ಮೇಲಿನ ಸಿಟ್ಟು ಇಳಿದಿದೆ. ಈಗ ಬೆಳಗ್ಗೆ ಲ್ಯಾಪ್‌ಟಾಪ್ ಮುಚ್ಚಳ ತೆಗೆದು ಆಫೀಸ್ ಸರ್ವರ್‌ನ ಫೋಲ್ಡರ್ ಒತ್ತುತ್ತೇನೆ. ಅರೆಕ್ಷಣ ಸುಮ್ನೆ ಇರುತ್ತದೆ, ಆಮೇಲೆ ಫೈಲುಗಳು ಒಟ್ಟಿಗೇ ಬಂದು ಕೂರುತ್ತವೆ. ಎಫ್‌ಎಸ್‌ಟ್ಯಾಬ್ ಅನ್ನುವ ಸೆಟ್ಟಿಂಗ್ ಫೈಲಿನಲ್ಲಿ ಆಟೋಮೌಂಟ್ (ಫೋಲ್ಡರ್ ಒತ್ತಿದಾಗಲೇ ಜೋಡಿಸುವ ಆಯ್ಕೆ) ಹಾಕಿದ ಫಲ. ಮುಂಚೆ ಸರ್ವರ್ ಆಫ್ ಇದ್ದ ದಿನ ಬೂಟ್ ಆಗುವಾಗಲೇ 90 ಸೆಕೆಂಡ್ ಕಾಯಿಸುತ್ತಿತ್ತು. ಆ ಅರೆಕ್ಷಣದ ತಡ ನನಗೀಗ ಇಷ್ಟವೇ ಆಗಿದೆ.

ನಮ್ಮದು ಬರೀ ವರ್ಕ್‌ಗ್ರೂಪ್ ಅನ್ನುವುದು ನೆನಪಿರಲಿ. ನಿಮ್ಮಲ್ಲಿ ಡೊಮೇನ್ (ಎಲ್ಲರ ಲಾಗಿನ್ ಒಂದೇ ಸರ್ವರ್ ನೋಡಿಕೊಳ್ಳುವ ವ್ಯವಸ್ಥೆ) ಇದ್ದರೆ ಕಥೆಯೇ ಬೇರೆ. ಅಲ್ಲಿ ಗಡಿಯಾರ 5 ನಿಮಿಷಕ್ಕಿಂತ ಜಾಸ್ತಿ ಹಿಂದೆಮುಂದೆ ಇದ್ದರೂ ಲಾಗಿನ್ ಪರಿಶೀಲಿಸುವ ಕೆರ್ಬರೋಸ್ ಒಳಗೆ ಬಿಡುವುದಿಲ್ಲ.

ಹಳೇ ಲ್ಯಾಪ್‌ಟಾಪ್, ಲೈಸೆನ್ಸಿಗೆ ದುಡ್ಡಿಲ್ಲ. ನನ್ನ ಜೇಬಿಗೆ ಇದೇ ಸರಿ. ಐದಕ್ಕೆ ನಾಲ್ಕು ಕೊಡುತ್ತೇನೆ. ಉಳಿದ ಒಂದನ್ನು ಕಳೆದದ್ದು ಸಾಂಬಾ ಪಾಸ್‌ವರ್ಡ್ ಬೇರೆ, ಲಾಗಿನ್ ಪಾಸ್‌ವರ್ಡ್ ಬೇರೆ ಅನ್ನುವ ರಗಳೆಗೆ. ಮೊನ್ನೆ ಒಂದನ್ನು ಬದಲಾಯಿಸಿ ಇನ್ನೊಂದನ್ನು ಮರೆತೆ. ಅರ್ಧ ದಿನ ಮತ್ತೆ ಅದೇ ಪ್ರಶ್ನೆ: “ಏನ್ರೀ, ಇವತ್ತೂ ರಜೆನಾ?”