ಮೈಲೇಜ್ ಸೆಟ್ಟಿಂಗ್ ಮಾಡಿಸೋ ಮೊದಲು ಹಿಂದಿನ ಚಕ್ರ ತಿರುಗಿಸಿ ನೋಡಿ

ಮಂಡ್ಯದಿಂದ ಮೈಸೂರಿನ ಮೇಟಗಳ್ಳಿ, ಹೆಬ್ಬಾಳ ಕಡೆಯ ಫ್ಯಾಕ್ಟರಿಗಳಿಗೆ ದಿನಾ ಬೈಕಲ್ಲಿ ಹೋಗಿಬರೋರು ಇದನ್ನ ಒಮ್ಮೆ ಪೂರ್ತಿ ಓದಿ. 250 ರೂಪಾಯಿಯ ‘ಮೈಲೇಜ್ ಸೆಟ್ಟಿಂಗ್’ ಒಂದು ಗಟ್ಟಿಮುಟ್ಟಾದ ಎಂಜಿನ್ನಿನ ಹೆಡ್ (ವಾಲ್ವುಗಳಿರೋ ಮೇಲ್ಭಾಗ) ಬಿಚ್ಚಿಸಿದ ಸಂಗತಿ ಇದು. ಬೈಕು ಬಿಎಸ್4 ಕಾಲದ್ದು, ಅಂದರೆ ಬಿಎಸ್6 ಹೊಗೆ ನಿಯಮ ಬರೋಕೆ ಮೊದಲಿನದ್ದು. 100 ಸಿಸಿ, ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಬಿಡೋ ಭಾಗ), 10 ಲೀಟರಿಗೆ ಚೂರು ಕಮ್ಮಿ ಹಿಡಿಯೋ ಟ್ಯಾಂಕು. ಓಡಾಟ ದಿನಕ್ಕೆ ಹೆಚ್ಚುಕಮ್ಮಿ 100 ಕಿ.ಮೀ.

ಈ ಬೈಕು ಹಳೆ ಹೈವೇಲಿ ಲೀಟರಿಗೆ 62 ಕೊಡ್ತಿತ್ತು. ಸೋಮವಾರ ಬೆಳಿಗ್ಗೆ ಟ್ಯಾಂಕ್ ತುಂಬಿಸಿದರೆ ಶುಕ್ರವಾರ ರಾತ್ರಿ ಮನೆ ಸೇರೋವರೆಗೂ ರಿಸರ್ವ್ ಮುಟ್ಟೋ ಪ್ರಮೇಯ ಇರಲಿಲ್ಲ. ಆ ಲೆಕ್ಕ ತಲೇಲಿ ಕೂತುಬಿಟ್ಟಿತ್ತು. ಒಂದು ಶುಕ್ರವಾರ ರಾತ್ರಿ, ಗಣಂಗೂರು ದಾಟಿ ತೂಬಿನಕೆರೆ ಇನ್ನೂ ಮುಟ್ಟಿಲ್ಲ, ಸರ್ವಿಸ್ ರಸ್ತೆಯಲ್ಲಿ ಬೈಕು ಎರಡು ಸಲ ಮುಗ್ಗರಿಸಿ ನಿಂತಿತು. ರಿಸರ್ವಿಗೆ ತಿರುಗಿಸೋಣ ಅಂತ ಕೈ ಹಾಕಿದರೆ ಕಾಕ್ (ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕೀ) ಆಗಲೇ ರಿಸರ್ವಲ್ಲೇ ಇದೆ! ಹಿಂದೊಮ್ಮೆ ರಿಸರ್ವಿಗೆ ಬಿದ್ದಾಗ ತಿರುಗಿಸಿದ್ದು, ಬಂಕಲ್ಲಿ ತುಂಬಿಸಿದ ಮೇಲೆ ವಾಪಸ್ ಆನ್‌ಗೆ ಹಾಕಿರಲಿಲ್ಲ. ಕಾರ್ಬೊರೇಟರ್ ಬೈಕಲ್ಲಿ ಜನ ಅತಿ ಹೆಚ್ಚು ಮರೆಯೋದು ಇದನ್ನೇ. ಕಾಕ್ ರಿಸರ್ವಲ್ಲಿದ್ದರೆ ಮುನ್ಸೂಚನೆಯೇ ಇಲ್ಲ, ತಳದ ಕೊನೇ ಹನಿವರೆಗೂ ಓಡಿ ಸುಮ್ಮನಾಗುತ್ತೆ. ಜೊತೆಗೆ ತಳದಲ್ಲಿ ಕೂತ ತುಕ್ಕು, ನೀರು ಎಲ್ಲಾ ಕಾರ್ಬೊರೇಟರಿಗೆ ಇಳಿಯುತ್ತೆ.

ಮೀಟರ್ ನೋಡಿದರೆ ತುಂಬಿಸಿದ ಮೇಲೆ ಓಡಿದ್ದು 485 ಕಿ.ಮೀ. ಅಂದರೆ ಲೀಟರಿಗೆ 50. ಹನ್ನೆರಡು ಕಿಲೋಮೀಟರ್ ಎಲ್ಲಿ ಹೋಯ್ತು ಅಂತ ಹುಡುಕಬೇಕಿದ್ದ ಸಮಯ ಅದು. ಹುಡುಕೋ ಬದಲು ಬೈಕು ಸೋಮವಾರ ಒಂದು ಗ್ಯಾರೇಜಿನ ಮುಂದೆ ನಿಂತಿತು. “ಸೆಟ್ಟಿಂಗ್ ಎಲ್ಲಾ ಹೊಂಟೋಗದೆ ಅಣ್ಣ, ಹತ್ತು ನಿಮಿಷ ಕೊಡಿ, ಅರವತ್ತು ತಂದ್ಕೊಡ್ತೀನಿ.”

ಆ ಹತ್ತು ನಿಮಿಷದಲ್ಲಿ ಏನು ಮಾಡ್ತಾರೆ ಅನ್ನೋದು ಗೊತ್ತಿರಲಿ. ಮೊದಲು ಕಾರ್ಬೊರೇಟರಿನ ಏರ್ ಸ್ಕ್ರೂ ತಿರುಗಿಸ್ತಾರೆ. ಅದರ ಹಿಡಿತ ಇರೋದು ಐಡ್ಲಿಂಗ್ ಮತ್ತು ಥ್ರಾಟಲ್ಲಿನ ಮೊದಲ ಕಾಲುಭಾಗಕ್ಕೆ ಮಾತ್ರ. ನಿಜವಾದ ಕಿತಾಪತಿ ನಡೆಯೋದು ಒಳಗೆ. ಸ್ಲೈಡ್ (ಥ್ರಾಟಲ್ ತಿರುಗಿಸಿದರೆ ಮೇಲೇಳೋ ಭಾಗ) ಎತ್ತಿ, ಅದರಲ್ಲಿರೋ ಜೆಟ್ ನೀಡಲ್ ಅನ್ನೋ ಸೂಜಿಯ ಕ್ಲಿಪ್ಪನ್ನ ಒಂದು ಕಚ್ಚು ಮೇಲಕ್ಕೆ ಹಾಕ್ತಾರೆ. ಕ್ಲಿಪ್ ಮೇಲೆ ಹೋದರೆ ನೀಡಲ್ ಕೆಳಗಿಳಿದು ಜೆಟ್ಟಿನ (ಪೆಟ್ರೋಲ್ ಬರೋ ತೂತಿನ) ಬಾಯಿ ಕಿರಿದಾಗುತ್ತೆ, ಪೆಟ್ರೋಲ್ ಕಮ್ಮಿಯಾಗುತ್ತೆ. ನೀಡಲ್ಲಿಗೆ ಒಂದೇ ಕಚ್ಚಿದ್ದರೆ ಮೇನ್ ಜೆಟ್ಟನ್ನೇ ಸಣ್ಣದಕ್ಕೆ ಬದಲಾಯಿಸೋರೂ ಇದ್ದಾರೆ. 100 ಸಿಸಿ ಬೈಕು 45–50ರಲ್ಲಿ ಒಂದೇ ಸಮ ಓಡುವಾಗ ಕೆಲಸ ಮಾಡೋದು ಸರಿಯಾಗಿ ಈ ನೀಡಲ್ ಭಾಗವೇ. ಮಂಡ್ಯ–ಮೈಸೂರು ಓಡಾಟದ ಮುಕ್ಕಾಲು ಪಾಲು ಅದೇ ವೇಗ. ಊರೊಳಗೆ ತರಕಾರಿಗೆ ಹೋಗಿಬರೋ ಬೈಕು ಇಂಥ ಸೆಟ್ಟಿಂಗಲ್ಲಿ ವರ್ಷಗಟ್ಟಲೆ ಬದುಕಬಹುದು. ದಿನಕ್ಕೆ ಎರಡು ಸಲ ಒಂದೂಕಾಲು ಗಂಟೆ ಬಿಡದೆ ಓಡೋ ಬೈಕು ಬದುಕಲ್ಲ.

ಇದರ ಮೇಲೆ ಪೆಟ್ರೋಲಿಗೆ ಬೆರೆಸೋ ಎಥನಾಲ್, ಅಂದರೆ ಕಬ್ಬಿನಂಥ ಬೆಳೆಯಿಂದ ತೆಗೆಯೋ ಸ್ಪಿರಿಟ್. ಶುದ್ಧ ಪೆಟ್ರೋಲ್ ಒಂದು ಪಾಲು ಪೂರ್ತಿ ಉರಿಯೋಕೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಎಥನಾಲಿಗೆ 9 ಸಾಕು. 20% ಬೆರೆತ ಪೆಟ್ರೋಲಿಗೆ ಲೆಕ್ಕ ಸುಮಾರು 13.5ಕ್ಕೆ ಬರುತ್ತೆ. ಹಳೇ ಕಾರ್ಬೊರೇಟರಿಗೆ ಇದೆಲ್ಲ ಗೊತ್ತಾಗಲ್ಲ, ಅದು ಮೊದಲಿನಷ್ಟೇ ಗಾಳಿ, ಮೊದಲಿನಷ್ಟೇ ಪೆಟ್ರೋಲ್ ಬಿಡ್ತಾ ಇರುತ್ತೆ. ಅಂದರೆ ಯಾರೂ ಮುಟ್ಟದೆಯೇ ಮಿಶ್ರಣ ತೆಳುವಾಗಿದೆ. ಅದನ್ನ ಇನ್ನೊಂದು ಕಚ್ಚು ತೆಳು ಮಾಡೋದು ಅಂದರೆ ಉರಿಯೋ ಬೆಂಕಿಗೆ ಸೀಮೆಎಣ್ಣೆ. ಬಿಎಸ್6 ಇಂಜೆಕ್ಷನ್ ಬೈಕಲ್ಲಿ ಆಕ್ಸಿಜನ್ ಸೆನ್ಸರ್ ಹೊಗೆ ನೋಡಿ ಪೆಟ್ರೋಲ್ ಸರಿಮಾಡಿಕೊಳ್ಳುತ್ತೆ. ಹಳೇದಕ್ಕೆ ಆ ಭಾಗ್ಯ ಇಲ್ಲ.

ಮೊದಲ ಟ್ಯಾಂಕು 57 ಬಂತು. ಮೋಸ ಇರೋದೇ ಇಲ್ಲಿ: ಸೆಟ್ಟಿಂಗ್ ಮಾಡಿದ ತಕ್ಷಣ ನಿಜವಾಗಿಯೂ ಮೈಲೇಜ್ ಏರುತ್ತೆ, ಮೆಕ್ಯಾನಿಕ್ ದೇವರಂತೆ ಕಾಣ್ತಾನೆ. ಸೂಚನೆಗಳು ಆಗಲೇ ಶುರುವಾಗಿದ್ದವು. ಬೆಳಿಗ್ಗೆ ಚೋಕ್ ಎಳೆಯದೆ ಸ್ಟಾರ್ಟ್ ಆಗ್ತಿರಲಿಲ್ಲ. ಥ್ರಾಟಲ್ ಬಿಟ್ಟಾಗ ಸೈಲೆನ್ಸರಲ್ಲಿ ಪಟ್ ಪಟ್ ಸದ್ದು. ಹಂಪ್ ದಾಟಿ ಥ್ರಾಟಲ್ ಕೊಟ್ಟರೆ ಒಂದು ಕ್ಷಣ ತಡವರಿಸಿ ಆಮೇಲೆ ಎಳೀತಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿದ್ದರೆ ತುದಿ ಬಿಸ್ಕತ್ತಿನ ಬಣ್ಣದ ಬದಲು ಸುಣ್ಣ ಬಳಿದ ಹಾಗೆ ಬೆಳ್ಳಗಿರೋದು ಕಾಣ್ತಿತ್ತು. ಯಾರೂ ಬಿಚ್ಚಲಿಲ್ಲ.

ಮೂರನೇ ತಿಂಗಳಿಗೆ ಕಿಕ್ಕರ್ ಸಡಿಲಾಯ್ತು. ಕಾಲಿಟ್ಟರೆ ಎದುರು ಒತ್ತಡವೇ ಇಲ್ಲದೆ ಕೆಳಗೆ ಹೋಗ್ತಿತ್ತು, ಅಂದರೆ ಕಂಪ್ರೆಶನ್ ಹೋಗಿತ್ತು. ಮೈಲೇಜ್ 44. ಹೆಡ್ ಬಿಚ್ಚಿದರೆ ಎಕ್ಸಾಸ್ಟ್ ವಾಲ್ವಿನ ಅಂಚು ಒಂದು ಕಡೆ ಇಲಿ ಕಡಿದ ರೊಟ್ಟಿಯ ಹಾಗಿತ್ತು. ಆಗೋದು ಹೀಗೆ: ತೆಳು ಮಿಶ್ರಣದ ಬಿಸಿಗೆ ವಾಲ್ವ್ ಸೀಟು ಸವೆದು ವಾಲ್ವು ಒಳಗೆ ಕೂರುತ್ತೆ, ವಾಲ್ವಿಗೂ ಅದನ್ನ ಒತ್ತೋ ಭಾಗಕ್ಕೂ ನಡುವಿನ ಸಂದಿ, ಅಂದರೆ ಟ್ಯಾಪೆಟ್ ಗ್ಯಾಪು, ಮುಚ್ಚಿಹೋಗುತ್ತೆ. ಈ ಗ್ಯಾಪು ಬಹುತೇಕ 100 ಸಿಸಿ ಬೈಕಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇರಲ್ಲ. ಗ್ಯಾಪಿಲ್ಲದ ವಾಲ್ವು ಪೂರ್ತಿ ಮುಚ್ಚಲ್ಲ. ಮುಚ್ಚದ ಸಂದಿಯಿಂದ ಬೆಂಕಿ ನುಗ್ಗಿ ಅಂಚು ಸುಡುತ್ತೆ. ಹೊಸ ವಾಲ್ವು, ವಾಲ್ವ್ ಸೀಲು, ಸೀಟ್ ಲ್ಯಾಪಿಂಗ್, ಹೆಡ್ ಗ್ಯಾಸ್ಕೆಟ್, ಆಯಿಲ್, ಕೂಲಿ ಸೇರಿ 4,000 ರೂಪಾಯಿ ದಾಟಿತು, ಎರಡು ದಿನದ ಕೆಲಸ ಬೇರೆ ಹಾಳು. 50ರಿಂದ 57ಕ್ಕೆ ಏರಿದ್ದರಿಂದ ಉಳೀತಿದ್ದದ್ದು ದಿನಕ್ಕೆ ಕಾಲು ಲೀಟರ್, ಅಂದರೆ 25 ರೂಪಾಯಿ ಚಿಲ್ಲರೆ. ಮೂರು ತಿಂಗಳೂ ಪೂರ್ತಿ ಹಾಗೇ ಉಳಿದಿದ್ದರೂ 2,000 ಆಸುಪಾಸು.

ಹಾಗಾದರೆ ಆ ಹನ್ನೆರಡು ಕಿಲೋಮೀಟರ್ ಹೋಗಿದ್ದೆಲ್ಲಿ?

ಒಂದಷ್ಟು ರಸ್ತೆಗೆ ಹೋಯ್ತು, ಅದು ವಾಪಸ್ ಬರಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ ಬೈಕು, ಆಟೊ, ಟ್ರ್ಯಾಕ್ಟರ್ ಬಿಡ್ತಿಲ್ಲ. ಹಳೇ ಹೈವೇಲಿ ಟಾಪ್ ಗೇರಲ್ಲಿ ಒಂದೇ ಗತಿಯಲ್ಲಿ ಹೋಗ್ತಿದ್ದ ಬೈಕು ಈಗ ಸರ್ವಿಸ್ ರಸ್ತೆಯ ಹಂಪು, ಕಬ್ಬಿನ ಗಾಡಿ, ಅಡ್ಡ ಬರೋ ದನ, ಎದುರಿಂದ ರಾಂಗ್ ಸೈಡಲ್ಲಿ ನುಗ್ಗೋ ಟ್ರ್ಯಾಕ್ಟರ್ ನೋಡಿಕೊಂಡು ಪದೇ ಪದೇ ಎರಡನೇ ಗೇರಿಗೆ ಇಳೀಬೇಕು. ಪ್ರತಿ ಸಲ ನಿಂತು ವೇಗ ಹಿಡಿಯೋದಕ್ಕೂ ಪೆಟ್ರೋಲ್ ಸುರೀಬೇಕು.

ಎಥನಾಲಿಗೆ ಹೋಗಿದ್ದು ಜನ ಬೈಯೋಷ್ಟಲ್ಲ. ಎಥನಾಲಿಗೆಂದು ಮಾಡದ ದ್ವಿಚಕ್ರ ವಾಹನಗಳಲ್ಲಿ 20% ಮಿಶ್ರಣದಿಂದ 3–4% ಮೈಲೇಜ್ ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿ ಅಂದಾಜು ಮಾಡಿತ್ತು. 62ರಲ್ಲಿ ಅದು ಹೆಚ್ಚೆಂದರೆ ಎರಡೂವರೆ ಕಿಲೋಮೀಟರ್. ಕಬ್ಬು ಬೆಳೆಯೋ ಜಿಲ್ಲೇಲಿ ಕೂತು ಎಲ್ಲಾ ತಪ್ಪನ್ನೂ ಎಥನಾಲ್ ತಲೆಗೆ ಕಟ್ಟೋದು ತಮಾಷೆಯಾಗಿದೆ.

ಮಿಕ್ಕಿದ್ದು ಹಿಂದಿನ ಚಕ್ರದಲ್ಲಿತ್ತು. ಬೈಕು ಮುಗ್ಗರಿಸೋಕೆ ಒಂದು ತಿಂಗಳ ಮೊದಲು ಚೈನ್ ಟೈಟ್ ಮಾಡಿಸಲಾಗಿತ್ತು. ಚೈನ್ ಟೈಟ್ ಮಾಡುವಾಗ ಚಕ್ರ ಹಿಂದಕ್ಕೆ ಸರಿಯುತ್ತೆ. ಚಕ್ರ ಹಿಂದಕ್ಕೆ ಸರಿದರೆ ಬ್ರೇಕ್ ಡ್ರಮ್ಮಿನ ಲಿವರಿಗೆ ಕೂತ ಬ್ರೇಕ್ ರಾಡು ತಾನಾಗೇ ಬಿಗಿಯಾಗುತ್ತೆ. ರಾಡಿನ ತುದಿಯ ನಟ್ಟನ್ನ ಮೂರ್ನಾಲ್ಕು ಸುತ್ತು ಸಡಿಲ ಮಾಡಿ ಪೆಡಲ್ ಆಟ ನೋಡಬೇಕು. ಅದನ್ನ ಮಾಡಿರಲಿಲ್ಲ. ಬ್ರೇಕ್ ಒತ್ತಿದಾಗ ‘ಆಹಾ ಎಷ್ಟು ಶಾರ್ಪ್ ಆಗಿದೆ’ ಅನಿಸ್ತಿತ್ತು, ಒತ್ತದಿದ್ದಾಗಲೂ ಬ್ರೇಕ್ ಶೂ ಡ್ರಮ್ಮಿಗೆ ಸವರಿಕೊಂಡೇ ಇತ್ತು.

ಇದನ್ನ ಹಿಡಿಯೋಕೆ ಯಾವ ಟೂಲೂ ಬೇಡ. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲಲ್ಲಿಟ್ಟು ಹಿಂದಿನ ಚಕ್ರನ ಕೈಯಲ್ಲಿ ಜೋರಾಗಿ ತಿರುಗಿಸಿ. ಎರಡು ಸುತ್ತಾದರೂ ತಿರುಗಬೇಕು. ಸರ್ ಸರ್ ಅಂತ ಸದ್ದು ಮಾಡ್ತಾ ಅರ್ಧ ಸುತ್ತಿಗೇ ನಿಂತರೆ ಬ್ರೇಕ್ ಹಿಡೀತಿದೆ, ಅಥವಾ ಚೈನ್ ಅತಿ ಬಿಗಿಯಾಗಿದೆ. ಇನ್ನೊಂದು: ಖಾಲಿ ರಸ್ತೇಲಿ ನಾಲ್ಕೈದು ಕಿ.ಮೀ. ಹಿಂದಿನ ಬ್ರೇಕ್ ಮುಟ್ಟದೆ ಹೋಗಿ, ನಿಲ್ಲಿಸಿ, ಡ್ರಮ್ಮಿನ ಹತ್ತಿರ ಅಂಗೈ ಹಿಡೀರಿ. ಉಗುರುಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಹಿಂದಕ್ಕೆ ಎಳ್ಕೊಳ್ಳೋ ಹಾಗಿದ್ದರೆ ನಿಮ್ಮ ಪೆಟ್ರೋಲ್ ಅಲ್ಲೇ ಉರೀತಿದೆ. ಪೆಡಲ್ಲಿನ ಆಟ 20–30 ಮಿ.ಮೀ., ಚೈನಿನ ನಡುಭಾಗದಲ್ಲಿ ಮೇಲೆ ಕೆಳಗೆ ಆಟ 25 ಮಿ.ಮೀ. ಆಸುಪಾಸು ಇರಲಿ. ನಿಮ್ಮ ಬೈಕಿನ ನಿಖರ ಅಳತೆ ಮ್ಯಾನ್ಯುಯಲ್ಲಲ್ಲಿದೆ.

ಮುಂದಿನ ಟೈರಲ್ಲೂ ಗಾಳಿ ಕಮ್ಮಿಯಿತ್ತು, ಸ್ಟಿಕರಲ್ಲಿ 25 ಪಿಎಸ್‌ಐ ಅಂತಿದ್ದರೆ ಒಳಗಿದ್ದದ್ದು 18. ಶ್ರೀರಂಗಪಟ್ಟಣದವರೆಗೆ ಓಡಿಸಿ ಅಲ್ಲಿ ಗಾಳಿ ನೋಡಿಸಿದರೆ ಬಿಸಿ ಟೈರು ಎರಡು ಮೂರು ಪಾಯಿಂಟ್ ಜಾಸ್ತಿ ತೋರಿಸಿ ನಂಬಿಸುತ್ತೆ. ಬೆಳಿಗ್ಗೆ ಮನೆ ಹತ್ತಿರದ ಪಂಕ್ಚರ್ ಅಂಗಡಿಯಲ್ಲೇ, ಟೈರ್ ತಣ್ಣಗಿರುವಾಗ ನೋಡಿಸಿ. ಇನ್ನು ರಾತ್ರಿ ಸೈಡ್ ಸ್ಟ್ಯಾಂಡ್ ಹಾಕಿದಾಗ ಪೆಟ್ರೋಲ್ ವಾಸನೆ ಬಂದರೆ ಕಾರ್ಬೊರೇಟರಿನ ಓವರ್‌ಫ್ಲೋ ಪೈಪಿನ ತುದಿ ಒದ್ದೆಯಾಗಿದೆಯಾ ಮುಟ್ಟಿ ನೋಡಿ. ಹಳೆ ಬೈಕಲ್ಲಿ ಫ್ಲೋಟ್ ನೀಡಲ್ಲಿನ ರಬ್ಬರ್ ತುದಿ, ಕಾಕಿನ ವಾಷರು, ಪೆಟ್ರೋಲ್ ಪೈಪು ಎಥನಾಲಿಗೆ ಹಾಳಾಗೋದುಂಟು. ಇವೆಲ್ಲ ಸಣ್ಣ ದುಡ್ಡಿನ ಸಾಮಾನು.

ಹೆಡ್ ಕೆಲಸ ಆದ ಮೇಲೆ ಕ್ಲಿಪ್ ಮೊದಲಿನ ಕಚ್ಚಿಗೆ ಬಂತು, ಬ್ರೇಕ್ ನಟ್ ಸಡಿಲಾಯ್ತು, ಗಾಳಿ ಸರಿಯಾಯ್ತು. ಈಗ 56–57 ಬರ್ತಿದೆ. ಸೆಟ್ಟಿಂಗ್ ತಂದುಕೊಟ್ಟಿದ್ದೂ ಅಷ್ಟೇ. 62 ಸರ್ವಿಸ್ ರಸ್ತೇಲಿ ಬರಲ್ಲ.

ಮೈಲೇಜ್ ಅಳೆಯೋ ವಿಷಯ. ಗ್ಯಾರೇಜಲ್ಲಿ ಬಾಟಲಿಗೆ 100 ಎಂಎಲ್ ಹಾಕಿ, ಬಿಸಿ ಎಂಜಿನ್ನಲ್ಲಿ, ಖಾಲಿ ರಿಂಗ್ ರೋಡಲ್ಲಿ, ಒಬ್ಬರೇ 35ರಲ್ಲಿ ಹೋಗಿ ‘ನೋಡಿ 70 ಬಂತು’ ಅಂತ ತೋರಿಸೋದು ಆಟ. ಆ ಅಳತೇಲಿ 10 ಎಂಎಲ್ ಹೆಚ್ಚುಕಮ್ಮಿ ಆದರೆ ಉತ್ತರ 10% ಹೆಚ್ಚುಕಮ್ಮಿ. ಟ್ಯಾಂಕಿಂದ ಟ್ಯಾಂಕಿಗೇ ಅಳೀರಿ. ಅದೇ ಬಂಕು, ಸಾಧ್ಯವಾದರೆ ಅದೇ ಪಂಪು, ಸೆಂಟರ್ ಸ್ಟ್ಯಾಂಡ್, ಗನ್ ತಾನಾಗಿ ಮೊದಲ ಸಲ ಕಟ್ ಆದಾಗ ನಿಲ್ಲಿಸಿ. ‘ಇನ್ನೊಂಚೂರು ಹಿಡಿಯುತ್ತೆ’ ಅಂತ ತುಂಬಿಸಬೇಡಿ. ಮೀಟರಿನ ಫೋಟೊ ತೆಗೀರಿ. 300 ಕಿ.ಮೀ. ಆದ ಮೇಲೆ ಹಾಗೇ ತುಂಬಿಸಿ, ಹಿಡಿದ ಲೀಟರಿಂದ ಕಿಲೋಮೀಟರ್ ಭಾಗಿಸಿ. ಮೂರು ಟ್ಯಾಂಕು ಹೀಗೆ ಮಾಡಿ ಅದರಲ್ಲಿ ಅತಿ ಕಮ್ಮಿ ಬಂದದ್ದನ್ನ ಹಿಡ್ಕೊಳ್ಳಿ, ಸರಾಸರಿ ಬೇಡ. ದಾರಿಯಲ್ಲಿ ನಿಲ್ಲಿಸೋದು ಕೆಟ್ಟ ಟ್ಯಾಂಕು.

ಬಂಕಿನ ಅಳತೆ ಮೇಲೇ ಅನುಮಾನ ಇದ್ದರೆ ಜಗಳ ಬೇಡ, 5 ಲೀಟರಿನ ಮುದ್ರೆ ಹಾಕಿದ ಅಳತೆ ಪಾತ್ರೆ ತರೋಕೆ ಹೇಳಿ, ಗ್ರಾಹಕ ಕೇಳಿದರೆ ತೋರಿಸಲೇಬೇಕು. 5 ಲೀಟರಿಗೆ 25 ಎಂಎಲ್‌ವರೆಗಿನ ವ್ಯತ್ಯಾಸಕ್ಕೆ ಮಾಫಿ ಇದೆ. ಅದಕ್ಕಿಂತ ಕಮ್ಮಿ ಬಂದರೆ ಕಾನೂನು ಮಾಪನಶಾಸ್ತ್ರ (ಲೀಗಲ್ ಮೆಟ್ರಾಲಜಿ) ಇಲಾಖೆಗೆ ದೂರು ಕೊಡಿ.

ಇಲ್ಲಿಂದ ಟ್ಯಾಂಕಿನ ಲೆಕ್ಕ ಸುಲಭ. 9.8 ಲೀಟರಿನ ಟ್ಯಾಂಕಲ್ಲಿ ರಿಸರ್ವ್ ಮತ್ತು ತಳ ಬಿಟ್ಟು 8 ಲೀಟರ್ ಅಂತ ಹಿಡೀರಿ. ಕೆಟ್ಟ ಟ್ಯಾಂಕು 50 ಅಂದರೆ 400 ಕಿ.ಮೀ. ದಿನಕ್ಕೆ 100 ಓಡೋರು ಗುರುವಾರ ರಾತ್ರಿಯೇ ಬಂಕಿಗೆ ಹೋಗಬೇಕು, ಶುಕ್ರವಾರ ಅಲ್ಲ. ಆಕ್ಟಿವಾದಂಥ 5.3 ಲೀಟರ್ ಟ್ಯಾಂಕಿನ ಸ್ಕೂಟರಲ್ಲಿ ಇದೇ ದಾರಿ ಓಡಾಡೋರಿಗೆ ಲೀಟರಿಗೆ 45 ಬಂದರೂ ಎರಡನೇ ದಿನ ಸಂಜೆ ಮೈಸೂರು ಬಿಡೋ ಮೊದಲೇ ಹಾಕಿಸಬೇಕು.

ಬಿಎಸ್6 ಇಂಜೆಕ್ಷನ್ ಬೈಕಿನವರು ಇದು ತಮಗಲ್ಲ ಅಂದುಕೊಳ್ಳಬೇಡಿ. ನಿಮಗೆ ರಿಸರ್ವ್ ಕಾಕೇ ಇಲ್ಲ. ‘ಇನ್ನೂ 60 ಕಿ.ಮೀ. ಹೋಗುತ್ತೆ’ ಅಂತ ಮೀಟರ್ ತೋರಿಸೋದು ಇತ್ತೀಚೆಗೆ ಓಡಿದ ಗತಿ ನೋಡಿ ಹಾಕಿದ ಅಂದಾಜು, ಟ್ರಾಫಿಕ್ಕಿಗೆ ಸಿಕ್ಕಿದರೆ ಆ ಸಂಖ್ಯೆ ನಿಮ್ಮ ಕಣ್ಣೆದುರೇ ಕರಗುತ್ತೆ. ಪೆಟ್ರೋಲ್ ಪಂಪು ಟ್ಯಾಂಕಿನೊಳಗೇ ಇದ್ದರೆ ಅದನ್ನ ತಣ್ಣಗಿಡೋದೂ ಆ ಪೆಟ್ರೋಲೇ. ದಿನಾ ತಳದಲ್ಲೇ ಓಡಿಸಿದರೆ ಪಂಪು ಬೇಗ ಕೈಕೊಡುತ್ತೆ, ಅದರ ಬೆಲೆ ಸಾವಿರದ ಲೆಕ್ಕದಲ್ಲಿ. ಇನ್ನು ಇಂಜೆಕ್ಷನ್ ಬೈಕಿಗೆ ಸ್ಕ್ರೂಡ್ರೈವರ್ ಹಿಡಿದು ‘ಮೈಲೇಜ್ ಸೆಟ್ಟಿಂಗ್’ ಮಾಡ್ತೀನಿ ಅಂದರೆ, ತಿರುಗಿಸೋಕೆ ಅಲ್ಲಿ ಜೆಟ್ಟೂ ಇಲ್ಲ, ನೀಡಲ್ಲೂ ಇಲ್ಲ. ಏರ್ ಫಿಲ್ಟರ್ ಊದಿ ದುಡ್ಡು ತಗೋತಾರೆ ಅಷ್ಟೇ. ಪೆಟ್ರೋಲ್ ಪೈಪಿಗೆ ಕಟ್ಟೋ ಆಯಸ್ಕಾಂತ, ಟ್ಯಾಂಕಿಗೆ ಹಾಕೋ ಮಾತ್ರೆ ಬಗ್ಗೆ ಬರೆಯೋದೇ ದಂಡ.

ಈಗಾಗಲೇ ಕಾರ್ಬೊರೇಟರ್ ಸೆಟ್ಟಿಂಗ್ ಮಾಡಿಸಿಬಿಟ್ಟಿದ್ದರೆ ಈ ವಾರವೇ ಪ್ಲಗ್ ಬಿಚ್ಚಿಸಿ ನೋಡಿ. 10 ಕಿ.ಮೀ. ಓಡಿಸಿ, ಐಡ್ಲಿಂಗಲ್ಲಿ ಬಿಡದೆ ತಕ್ಷಣ ಆಫ್ ಮಾಡಿ, ಎಂಜಿನ್ ತಣ್ಣಗಾದ ಮೇಲೆ ಬಿಚ್ಚಬೇಕು. ತುದಿ ಬೆಳ್ಳಗಿದ್ದರೆ ನೀಡಲ್ ಕ್ಲಿಪ್ಪನ್ನ ಮೊದಲಿದ್ದ ಕಚ್ಚಿಗೆ ಹಾಕಿಸಿ, ಮೇನ್ ಜೆಟ್ಟಿನ ಮೇಲೆ ಕೆತ್ತಿರೋ ನಂಬರ್ ನಿಮ್ಮ ಮಾಡೆಲಿನದ್ದೇನಾ ಅಂತ ತಾಳೆ ನೋಡಿಸಿ, ಏರ್ ಸ್ಕ್ರೂ ಎಷ್ಟು ಸುತ್ತು ಅನ್ನೋದನ್ನ ಮ್ಯಾನ್ಯುಯಲ್ ನೋಡಿಯೇ ಇಡಿಸಿ. ಟ್ಯಾಪೆಟ್ ಗ್ಯಾಪನ್ನ ಎಂಜಿನ್ ಪೂರ್ತಿ ತಣ್ಣಗಿರುವಾಗ, ಅಂದರೆ ರಾತ್ರಿ ಗ್ಯಾರೇಜಲ್ಲೇ ಬಿಟ್ಟು ಬೆಳಿಗ್ಗೆ, ಫೀಲರ್ ಗೇಜ್ (ಸಂದಿ ಅಳೆಯೋ ತೆಳು ಪಟ್ಟಿ) ಹಾಕಿ ನೋಡಬೇಕು. ಕೈಯಲ್ಲಿ ಅಲ್ಲಾಡಿಸಿ ‘ಸರಿಯಾಗದೆ’ ಅನ್ನೋರ ಹತ್ತಿರ ಬೇಡ. ಮನೆಗೆ ಹೊರಡೋ ಮೊದಲು ಪೆಟ್ರೋಲ್ ಕಾಕ್ ಆನಲ್ಲಿದೆಯಾ ನೋಡ್ಕೊಳ್ಳಿ.